ಲಾಭವೂ ಇರಲಿ, ಊರಿನ ಒಳಿತೂ ಇರಲಿ: ಭೋರ್ ದಾರಿಯಲ್ಲಿ ಒಂದು ಪ್ರಶ್ನೆ



ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ಕಡೆಗೆ ಹೊರಟವರಿಗೆ ಕಾತ್ರಜ್ ದಾಟಿ, ಖೇಡ್ ಶಿವಾಪುರದ ಟೋಲ್ ದಾಟಿ ಸ್ವಲ್ಪ ಮುಂದೆ ಕಾಪೂರಹೋಳ್ ಎಂಬ ಊರು ಸಿಗುತ್ತದೆ. ಅಲ್ಲಿ ಬಲಕ್ಕೆ ತಿರುಗಿದರೆ ಭೋರ್. ವರ್ಷಕ್ಕೆ ನಾಲ್ಕು ಸಲ ಊರಿಗೆ ಹೋಗಿಬರುವ ನಮ್ಮಲ್ಲಿ ಬಹಳ ಮಂದಿ ಆ ಬಲ ತಿರುವನ್ನು ತೆಗೆದುಕೊಂಡಿರಲಿಕ್ಕಿಲ್ಲ. ನೀರಾ ನದಿಯ ದಂಡೆಯ ಈ ಪುಟ್ಟ ಪಟ್ಟಣ 1948ರವರೆಗೆ ಪಂತ ಸಚಿವ ಮನೆತನದ ಸಂಸ್ಥಾನಕ್ಕೆ ರಾಜಧಾನಿಯಾಗಿತ್ತು. ಅಲ್ಲಿನ ಅರಮನೆಯನ್ನು ನೀವು ಹಿಂದಿ, ಮರಾಠಿ ಸಿನಿಮಾಗಳಲ್ಲಿ ಗೊತ್ತಿಲ್ಲದೆಯೇ ನೋಡಿರುತ್ತೀರಿ.

ಈ ತಾಲ್ಲೂಕಿಗೆ ಎರಡು ಮುಖ. ಪೂರ್ವಕ್ಕೆ ಹೆದ್ದಾರಿ. ಖೇಡ್ ಶಿವಾಪುರದಿಂದ ಶಿರವಳದವರೆಗೆ ರಸ್ತೆಯ ಆಚೀಚೆ ಕಾರ್ಖಾನೆಗಳು, ಗೋದಾಮುಗಳು. ಪಶ್ಚಿಮಕ್ಕೆ ಸಹ್ಯಾದ್ರಿ. ಅಲ್ಲಿ ಬೆಟ್ಟದ ಬುಡದಲ್ಲಿ ಸಣ್ಣ ಸಣ್ಣ ವಾಡಿಗಳು. ಮಳೆಗಾಲದಲ್ಲಿ ಆಕಾಶವೇ ತೂತು ಬಿದ್ದಂತೆ ಮಳೆ, ಬೇಸಿಗೆ ಬಂತೆಂದರೆ ನೀರಿನ ಟ್ಯಾಂಕರಿಗೆ ಕಾಯುವ ಕೊಡಗಳ ಸಾಲು. ಒಂದೇ ತಾಲ್ಲೂಕಿನಲ್ಲಿ ಲಾಭ ಹುಟ್ಟುವ ಜಾಗ ಮತ್ತು ನೆರವು ಬೇಕಾದ ಜಾಗ ಇಷ್ಟು ಹತ್ತಿರ ಇರುವಾಗ ಒಂದು ಪ್ರಶ್ನೆ ತಾನಾಗಿಯೇ ಏಳುತ್ತದೆ. ಲಾಭಕ್ಕಾಗಿ ಹುಟ್ಟಿದ ಕಂಪನಿ ಸಮಾಜದ ಒಳಿತಿನ ಕೆಲಸವನ್ನೂ ಮಾಡಬೇಕೆ? ಮಾಡಬೇಕೆಂದರೆ ಹೇಗೆ?

ಎರಡು ವಾದ

ಬೇಡ ಎನ್ನುವವರ ಮಾತನ್ನು ಮೊದಲು ಕೇಳೋಣ. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಕಂಪನಿಯ ಮ್ಯಾನೇಜರು ಷೇರುದಾರರ ಹಣವನ್ನು ನೋಡಿಕೊಳ್ಳಲು ಇರುವ ನೌಕರ. ಅವನು ಆ ಹಣದಲ್ಲಿ ಪುಣ್ಯಕಾರ್ಯ ಮಾಡಿದರೆ ಬೇರೆಯವರ ದುಡ್ಡಿನಲ್ಲಿ ಹೆಸರು ಮಾಡಿಕೊಂಡಂತೆ. ಕಾನೂನಿನ ಮಿತಿಯಲ್ಲಿ, ಮೋಸ ವಂಚನೆ ಇಲ್ಲದೆ ಲಾಭ ಗಳಿಸುವುದೇ ಕಂಪನಿಯ ಹೊಣೆ, ಶಾಲೆ ಆಸ್ಪತ್ರೆ ಸರ್ಕಾರದ ಕೆಲಸ. ಇದು ಅವರ ವಾದದ ಸಾರ. ನಮ್ಮವರು ಇದನ್ನು ಬಹಳ ಹಿಂದೆಯೇ ಚುಟುಕಾಗಿ ಹೇಳಿಟ್ಟಿದ್ದಾರೆ: ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ!

ಈ ವಾದವನ್ನು ಸುಲಭಕ್ಕೆ ತಳ್ಳಿಹಾಕುವಂತಿಲ್ಲ. ಯಾವ ಊರಿಗೆ ಶಾಲೆ, ಯಾವ ಊರಿಗೆ ನೀರು ಎಂದು ನಿರ್ಧರಿಸುವವರನ್ನು ನಾವು ಓಟು ಹಾಕಿ ಆರಿಸುತ್ತೇವೆ, ಬೇಡವಾದರೆ ಇಳಿಸುತ್ತೇವೆ. ಕಂಪನಿಯ ಡೈರೆಕ್ಟರುಗಳನ್ನು ನಾವು ಆರಿಸಿದವರಲ್ಲ.

ಬೇಕು ಎನ್ನುವವರ ಮಾತೂ ಅಷ್ಟೇ ಗಟ್ಟಿ. ಕಂಪನಿ ಗಾಳಿಯಲ್ಲಿ ನಡೆಯುವುದಿಲ್ಲ. ಅದಕ್ಕೆ ಊರಿನ ನೆಲ, ನದಿಯ ನೀರು, ಸರ್ಕಾರಿ ದುಡ್ಡಿನಲ್ಲಿ ಆದ ರಸ್ತೆ, ಸರ್ಕಾರಿ ಶಾಲೆಯಲ್ಲಿ ಓದಿದ ಕೆಲಸಗಾರರು ಬೇಕು. ಸಮಾಜದಿಂದ ಇಷ್ಟು ಪಡೆದ ಮೇಲೆ ಸಮಾಜಕ್ಕೆ ಕೊಡಬೇಕಾದ್ದೂ ಇದೆ, ಅಲ್ಲವೇ?

ಈ ಜಗಳವನ್ನು ಪುಸ್ತಕದಲ್ಲಿಟ್ಟುಕೊಂಡು ತೀರ್ಮಾನಿಸಲು ಆಗದು. ನಮ್ಮ ಸುತ್ತಮುತ್ತಲೇ ನಡೆದದ್ದನ್ನು ನೋಡೋಣ.

ಮುಳಶಿಯಲ್ಲಿ ಮುಳುಗಿದ್ದು

ಭೋರ್‌ನವರಿಗೆ ಅಣೆಕಟ್ಟು ಹೊಸದಲ್ಲ. ತಾಲ್ಲೂಕಿನ ಯೆಲವಂಡಿ ನದಿಗೆ ಭಾಟಘರ್‌ನಲ್ಲಿ ಕಟ್ಟಿದ ಲಾಯ್ಡ್ ಅಣೆಕಟ್ಟು 1927ರ ಹೊತ್ತಿಗೆ ಮುಗಿಯಿತು. ಅಲ್ಲಿ ನಿಂತ ನೀರು ನೀರಾ ಕಾಲುವೆಗಳಲ್ಲಿ ಹರಿದು ಬಾರಾಮತಿ, ಫಲಟಣ ಕಡೆಯ ಹೊಲಗಳಿಗೆ ಹೋಗುತ್ತದೆ. ಮೇಲಿನವರ ನೆಲ, ಕೆಳಗಿನವರ ಕಬ್ಬು. ಅದು ಸರ್ಕಾರದ ಕೆಲಸವಾಗಿತ್ತು. ಅದೇ ಕಾಲದಲ್ಲಿ ಭೋರ್‌ನಿಂದ ಉತ್ತರಕ್ಕೆ, ವೆಲ್ಹೆ ತಾಲ್ಲೂಕಿನ ಆಚೆ (ಅದಕ್ಕೆ ಈಗ ರಾಜಗಡ ಎಂದು ಹೆಸರಿಟ್ಟಿದ್ದಾರೆ), ಮುಳಶಿಯಲ್ಲಿ ಒಂದು ಕಂಪನಿ ಅಣೆಕಟ್ಟು ಕಟ್ಟುತ್ತಿತ್ತು. ಅದು ಟಾಟಾ ಕಂಪನಿ.

ಮಳೆಗಾಲದಲ್ಲಿ ತಾಮ್ಹಿಣಿ ಘಾಟ್ ನೋಡಲು ಹೋಗುವವರಿಗೆ ಮುಳಶಿಯ ನೀರು ಗೊತ್ತಿರುತ್ತದೆ. ಆ ಯೋಜನೆಯ ಉದ್ದೇಶವನ್ನು ಯಾರೂ ಕೆಟ್ಟದ್ದು ಎನ್ನಲಾರರು. ಮುಂಬಯಿಯ ಹತ್ತಿ ಗಿರಣಿಗಳು ಕಲ್ಲಿದ್ದಲು ಸುಡುತ್ತಿದ್ದವು, ಹೊಗೆ ಊರನ್ನೇ ಮುತ್ತುತ್ತಿತ್ತು. ಪೂರ್ವಕ್ಕೆ ಹರಿಯುವ ನದಿಯನ್ನು ಘಟ್ಟದ ಮೇಲೆ ತಡೆದು, ಆ ನೀರನ್ನು ಪಶ್ಚಿಮದ ಕೊಂಕಣಕ್ಕೆ ಧುಮುಕಿಸಿದರೆ ಹೊಗೆಯಿಲ್ಲದ ವಿದ್ಯುತ್ ಸಿಗುತ್ತದೆ. 1915ರಲ್ಲಿ ಖೋಪೋಲಿಯಲ್ಲಿ ಟಾಟಾ ಜಲವಿದ್ಯುತ್ ಆಗಲೇ ಶುರುವಾಗಿತ್ತು. ಮುಳಶಿಯ ನೀರು ಭಿರಾ ವಿದ್ಯುತ್ ಕೇಂದ್ರಕ್ಕೆ ಇಳಿಯಬೇಕಿತ್ತು. ಕಂಪನಿಗೆ ಲಾಭ, ನಗರಕ್ಕೆ ಬೆಳಕು, ದೇಶಕ್ಕೆ ಸ್ವದೇಶಿ ಉದ್ಯಮ. ಲಾಭವೂ ಒಳಿತೂ ಒಂದಾದ ಯೋಜನೆ ಎಂದರೆ ಇದೇ ತಾನೇ?

ಆದರೆ ಮುಳುಗಲಿದ್ದ ಐವತ್ತರಷ್ಟು ಹಳ್ಳಿಗಳ ಮಾವಳೆ ರೈತರನ್ನು ಯಾರೂ ಕೇಳಿರಲಿಲ್ಲ. ಭತ್ತ ಬೆಳೆಯುವ ಗದ್ದೆಗಳು ಹೋಗಲಿದ್ದವು. ಸರ್ಕಾರ ಭೂಸ್ವಾಧೀನ ಕಾಯ್ದೆ ಬಳಸಿ ಜಮೀನನ್ನು ಕಂಪನಿಗೆ ಕೊಡಿಸಲು ಹೊರಟಿತು. 1921ರ ಏಪ್ರಿಲ್ 16ರಂದು, ರಾಮನವಮಿಯ ದಿನ, ರೈತರು ಸತ್ಯಾಗ್ರಹ ಶುರು ಮಾಡಿದರು. ವಿನಾಯಕರಾವ್ ಭುಸ್ಕುಟೆ ಮತ್ತು ಪಾಂಡುರಂಗ ಮಹಾದೇವ ಬಾಪಟ್ ಮುಂದೆ ನಿಂತರು. ಬಾಪಟರಿಗೆ ‘ಸೇನಾಪತಿ’ ಎಂಬ ಹೆಸರು ಬಂದದ್ದು ಈ ಹೋರಾಟದಿಂದಲೇ. ಒಬ್ಬನೇ ಒಬ್ಬ ಬಡವನ ಒಪ್ಪಿಗೆಯಿಲ್ಲದೆ ಆಗುವುದಾದರೆ ಈ ಯೋಜನೆ ಕೊಡುವ ಎಲ್ಲ ಉಪಕಾರಕ್ಕೂ ಏನು ಬೆಲೆ ಎಂಬರ್ಥದಲ್ಲಿ ಗಾಂಧೀಜಿ ಆ ವರ್ಷವೇ ಯಂಗ್ ಇಂಡಿಯಾದಲ್ಲಿ ಬರೆದರು.

ಹೋರಾಟ ಸೋತಿತು. ಬಹಳಷ್ಟು ಜಮೀನು ಸಾಹುಕಾರರ ಬಳಿ ಅಡವಿತ್ತು. ಅವರು ಪರಿಹಾರಕ್ಕೆ ಒಪ್ಪಿಕೊಂಡರು, ಉತ್ತವರ ಕೈಗೆ ಹೆಚ್ಚೇನೂ ಬರಲಿಲ್ಲ. ಬಾಪಟರು ಜೈಲಿಗೆ ಹೋದರು, ಅಣೆಕಟ್ಟು ಮೇಲೆದ್ದಿತು.

ಇಲ್ಲಿ ಒಂದು ಮಾತು ಮರೆಯಬಾರದು. ಇದೇ ಟಾಟಾ ಮನೆತನದ ಹಣ ಮತ್ತು ಮೈಸೂರು ಮಹಾರಾಜರು ಕೊಟ್ಟ ನೆಲದಿಂದ 1909ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ಬೆಂಗಳೂರಿಗರು ಅದನ್ನು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುತ್ತಾರೆ. ಟಾಟಾ ಸನ್ಸ್‌ನ ಸುಮಾರು ಮೂರನೇ ಎರಡು ಪಾಲು ದಾನದ ಟ್ರಸ್ಟುಗಳ ಕೈಯಲ್ಲಿದೆ. ದೇಶದಲ್ಲಿ ದಾನಕ್ಕೆ ಹೆಸರಾದ ಮನೆತನದ ಕೈಯಲ್ಲೇ ಮುಳಶಿಯೂ ನಡೆಯಿತು. ಹಾಗಾಗಿ ಒಳ್ಳೆಯ ಜನ, ಒಳ್ಳೆಯ ಉದ್ದೇಶ ಎಂದು ನಂಬಿ ಕೂತರೆ ಸಾಲದು. ಯೋಜನೆಯ ಖರ್ಚು ಯಾರ ತಲೆಗೆ ಬಿತ್ತು, ಅವರು ಒಪ್ಪಿದ್ದರೇ ಎಂದು ಕೇಳಬೇಕಾಗುತ್ತದೆ.

ನಮ್ಮ ಕುಸನೂರು

ಮುಳಶಿಯ ಕತೆ ನೂರು ವರ್ಷ ಹಳೆಯದು, ಬ್ರಿಟಿಷರ ಕಾಲದ್ದು ಎನ್ನುತ್ತೀರಾ? ಹಾಗಾದರೆ ನಮ್ಮ ನಾಡಿನಲ್ಲಿ, ಸ್ವಾತಂತ್ರ್ಯ ಬಂದ ಮೇಲೆ ನಡೆದದ್ದನ್ನು ನೋಡಿ.

1984ರಲ್ಲಿ ಕರ್ನಾಟಕ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕಂಪನಿ ಸೇರಿ ‘ಕರ್ನಾಟಕ ಪಲ್ಪ್‌ವುಡ್ಸ್’ ಎಂಬ ಜಂಟಿ ಕಂಪನಿ ಕಟ್ಟಿದವು. ಆಗಿನ ಧಾರವಾಡ, ಶಿವಮೊಗ್ಗ, ಉತ್ತರ ಕನ್ನಡ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಸುವುದು ಯೋಜನೆ. ಬಂಜರು ನೆಲ ಹಸಿರಾಗುತ್ತದೆ, ಕಾರ್ಖಾನೆಗೆ ಕಚ್ಚಾ ಮಾಲು ಸಿಗುತ್ತದೆ. ಇಲ್ಲಿಯೂ ಕಾಗದದ ಮೇಲೆ ಲಾಭ ಮತ್ತು ಒಳಿತು ಎರಡೂ ಇದ್ದವು.

ಆದರೆ ಕಡತದಲ್ಲಿ ‘ಬಂಜರು’ ಎಂದು ಬರೆದ ಆ ನೆಲದಲ್ಲೇ ಊರವರ ದನ ಮೇಯುತ್ತಿದ್ದವು. ಅಲ್ಲಿಂದಲೇ ಸೌದೆ, ಸೊಪ್ಪು, ಹಣ್ಣು ಬರುತ್ತಿತ್ತು. ನೀಲಗಿರಿ ಎಲೆಯನ್ನು ದನ ತಿನ್ನುವುದಿಲ್ಲ. ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು ಮತ್ತು ಜೊತೆಗಾರರು ಹಳ್ಳಿಗಳನ್ನು ಸಂಘಟಿಸಿದರು. ಡಾ. ಶಿವರಾಮ ಕಾರಂತರೂ ಸೇರಿಕೊಂಡು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಎಂದು ಹೆಸರಾದದ್ದು ಅದೇ. 1991ರಲ್ಲಿ ಆ ಜಂಟಿ ಕಂಪನಿಯೇ ಮುಚ್ಚಿತು.

ಮುಳಶಿಯಲ್ಲಿ ಜನ ಸೋತರು, ಕುಸನೂರಿನಲ್ಲಿ ಗೆದ್ದರು. ಎರಡೂ ಕಡೆ ತಕರಾರು ಒಂದೇ ಆಗಿತ್ತು. ಊರಿನ ಒಳಿತು ಏನೆಂಬುದನ್ನು ಊರನ್ನು ಕೇಳದೆ ಬೇರೆಯವರು ತೀರ್ಮಾನಿಸಿದ್ದರು.

ರಂಟೆ ಮಾರಿದವರು

ಹಾಗಾದರೆ ಲಾಭ ಮತ್ತು ಒಳಿತು ಕೂಡುವುದೇ ಇಲ್ಲವೇ? ಕೂಡುತ್ತವೆ. ಅದಕ್ಕೂ ನಮ್ಮವರದೇ ಉದಾಹರಣೆ ಇದೆ.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. ಆಮೇಲೆ ಮೇವು ಕತ್ತರಿಸುವ ಯಂತ್ರ ಮಾಡಿದರು, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಹೆದರಿ, ಮೊದಲ ರಂಟೆ ಮಾರಲು ಎರಡು ವರ್ಷ ಹಿಡಿಯಿತು ಎನ್ನುತ್ತಾರೆ. ಭೋರ್‌ನಂತೆಯೇ ಸಣ್ಣ ಸಂಸ್ಥಾನವಾಗಿದ್ದ ಔಂಧ್‌ನ ರಾಜರು ಜಾಗ ಮತ್ತು ಸಾಲ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಬರಡು ನೆಲದಲ್ಲಿ ಕಾರ್ಖಾನೆಯ ಜೊತೆಗೆ ಒಂದು ಊರೂ ಬೆಳೆಯಿತು.

ಅವರು ದಾನಕ್ಕೆ ರಂಟೆ ಹಂಚಲಿಲ್ಲ, ಮಾರಿದರು. ಹೊಲ ಆಳಕ್ಕೆ ಉತ್ತು ಹೆಚ್ಚು ಬೆಳೆದರೆ ರೈತನಿಗೆ ಲಾಭ, ಅವನು ಇನ್ನೊಂದು ಕೊಂಡರೆ ಕಾರ್ಖಾನೆಗೆ ಲಾಭ. ಸರಕು ಕೆಟ್ಟದ್ದಾಗಿದ್ದರೆ ರೈತ ಕೊಳ್ಳುತ್ತಲೇ ಇರಲಿಲ್ಲ. ಬೇಡ ಎನ್ನುವ ಅಧಿಕಾರ ಅವನ ಕೈಯಲ್ಲಿತ್ತು. ಮುಳಶಿಯ ರೈತನ ಕೈಯಲ್ಲಿ ಆ ಅಧಿಕಾರ ಇರಲಿಲ್ಲ.

ಇನ್ನೊಂದು ಮುಖವನ್ನೂ ಹೇಳಬೇಕು. ಇದೇ ಮನೆತನದವರು 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಟ್ಟಿದರು. ಲೇತ್ ಯಂತ್ರಗಳಿಗೆ ಹೆಸರಾದ ಕಾರ್ಖಾನೆ ಅದು. ಎರಡು ಮೂರು ತಲೆಮಾರುಗಳಿಗೆ ಅನ್ನ ಕೊಟ್ಟ ಆ ಕಾರ್ಖಾನೆ 2000ದ ದಶಕದ ಆರಂಭದಲ್ಲಿ ಬಾಗಿಲು ಹಾಕಿದಾಗ ಹರಿಹರದ ಪೇಟೆಯೇ ಸೊರಗಿತು. ಲಾಭ ಎಂದರೆ ಮೂಗು ಮುರಿಯುವವರು ಹರಿಹರವನ್ನು ನೆನೆಯಬೇಕು. ಲಾಭವಿಲ್ಲದ ಕಂಪನಿಯಿಂದ ಕೊನೆಗೆ ಸಂಬಳವೂ ಇಲ್ಲ, ದಾನವೂ ಇಲ್ಲ.

ಕಾನೂನು ಏನು ಹೇಳುತ್ತದೆ?

ಈಗ ಸಿಎಸ್‌ಆರ್ ವಿಷಯಕ್ಕೆ ಬರೋಣ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಗೆ ಹೀಗೆ ಹೆಸರು. ಶಾಲೆಯ ಗೋಡೆ, ನೀರಿನ ಟಾಕಿ, ಬಸ್ ನಿಲ್ದಾಣದ ಮೇಲೆ ಕಂಪನಿಯ ಹೆಸರಿನ ಜೊತೆ ಈ ಅಕ್ಷರಗಳನ್ನು ನೀವು ನೋಡಿರುತ್ತೀರಿ.

2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ವರ್ಷದಲ್ಲಿ ನಿವ್ವಳ ಆಸ್ತಿ 500 ಕೋಟಿ, ಅಥವಾ ವಹಿವಾಟು 1000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿಗೆ ಇದು ಅನ್ವಯ. ಮೂರರಲ್ಲಿ ಒಂದಾದರೂ ಸಾಕು. ಅಂಥ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡ 2ರಷ್ಟನ್ನು ಶಿಕ್ಷಣ, ಆರೋಗ್ಯ, ಕುಡಿಯುವ ನೀರು, ಪರಿಸರ ಮೊದಲಾದ ಕೆಲಸಗಳಿಗೆ ಖರ್ಚು ಮಾಡಬೇಕು. ಸರಾಸರಿ ಲಾಭ 10 ಕೋಟಿ ಇದ್ದರೆ ವರ್ಷಕ್ಕೆ 20 ಲಕ್ಷ ಎಂದು ಲೆಕ್ಕ.

ಮೊದಲು ಖರ್ಚು ಮಾಡದಿದ್ದರೆ ಕಾರಣ ಹೇಳಿದರೆ ಸಾಕಿತ್ತು. 2021ರ ಜನವರಿಯಿಂದ ಹಾಗಿಲ್ಲ. ಉಳಿಸಿಕೊಂಡ ಹಣವನ್ನು ಸರ್ಕಾರ ಸೂಚಿಸಿದ ನಿಧಿಗೆ ಕಟ್ಟಬೇಕು. ಮುಂದುವರಿದ ಯೋಜನೆಯದಾದರೆ ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದು ಇಡಬೇಕು. ತಪ್ಪಿದರೆ ದಂಡ.

ಯಾವುದು ಸಿಎಸ್‌ಆರ್ ಅಲ್ಲ ಎಂಬುದನ್ನೂ ನಿಯಮ ಹೇಳುತ್ತದೆ. ಕಂಪನಿಯ ದಿನನಿತ್ಯದ ವ್ಯಾಪಾರ, ಬರೀ ತನ್ನ ನೌಕರರಿಗೆ ಸಿಗುವ ಸೌಲಭ್ಯ, ರಾಜಕೀಯ ಪಕ್ಷಕ್ಕೆ ಕೊಟ್ಟ ದೇಣಿಗೆ, ಜಾಹೀರಾತಿಗಾಗಿ ಮಾಡಿದ ಪ್ರಾಯೋಜಕತ್ವ, ಬೇರೆ ಕಾನೂನಿನಂತೆ ಹೇಗೂ ಮಾಡಲೇಬೇಕಾದ ಕೆಲಸ, ಇವು ಲೆಕ್ಕಕ್ಕಿಲ್ಲ. ಸಿಎಸ್‌ಆರ್ ಹಣದಲ್ಲಿ ಕಟ್ಟಿದ ಆಸ್ತಿ ಕಂಪನಿಯ ಹೆಸರಿನಲ್ಲಿ ಇರುವಂತಿಲ್ಲ. ಪಂಚಾಯತಿಯಂಥ ಸಾರ್ವಜನಿಕ ಸಂಸ್ಥೆಯ, ನೋಂದಾಯಿತ ಸೇವಾಸಂಸ್ಥೆಯ, ಇಲ್ಲವೇ ಫಲಾನುಭವಿಗಳ ಸಂಘದ ಹೆಸರಿನಲ್ಲಿ ಇರಬೇಕು.

ಭೋರ್‌ನಂಥ ಕಡೆಗೆ ಮುಖ್ಯವಾದ ಮಾತು ಇನ್ನೊಂದಿದೆ. ಕಂಪನಿ ತಾನು ಕೆಲಸ ಮಾಡುವ ಸ್ಥಳ ಮತ್ತು ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎನ್ನುತ್ತದೆ ಕಾಯ್ದೆ. ಇದು ಕಟ್ಟುನಿಟ್ಟಿನ ಕಡ್ಡಾಯವಲ್ಲ, ಮಾರ್ಗಸೂಚಿ. ಆದರೂ ಹೆದ್ದಾರಿ ಬದಿಯ ಕಾರ್ಖಾನೆಯನ್ನು ಪಶ್ಚಿಮದ ವಾಡಿಯವರು ‘ನಾವೂ ನಿಮ್ಮ ಸುತ್ತಲಿನವರೇ’ ಎಂದು ಕೇಳಲು ಇದು ಆಧಾರ.

ಉಳಿದ ತೊಂಬತ್ತೆಂಟು

ಕಾಯ್ದೆ ನೋಡುವುದು ಲಾಭದ ನೂರರಲ್ಲಿ ಎರಡು ರೂಪಾಯಿಯನ್ನು. ಆ ನೂರು ರೂಪಾಯಿ ಹೇಗೆ ಬಂತು ಎಂಬುದು ಈ ಕಲಂನ ವ್ಯಾಪ್ತಿಗೆ ಬರುವುದಿಲ್ಲ. ನೀರು ಶುದ್ಧಮಾಡದೆ ಹಳ್ಳಕ್ಕೆ ಬಿಟ್ಟು ಉಳಿಸಿದ ಹಣವೂ ಲಾಭವೇ. ಹತ್ತು ವರ್ಷ ದುಡಿದವನನ್ನು ಗುತ್ತಿಗೆಯಲ್ಲೇ ಇಟ್ಟು ಉಳಿಸಿದ್ದೂ ಲಾಭವೇ. ಅದರಲ್ಲಿ ಎರಡು ರೂಪಾಯಿ ತೆಗೆದು ಅದೇ ಹಳ್ಳದ ಪಕ್ಕದ ಶಾಲೆಗೆ ನೀರಿನ ಫಿಲ್ಟರ್ ಕೊಟ್ಟರೆ? ಗೋವು ಕೊಂದು ಚಪ್ಪಲಿ ದಾನ ಮಾಡಿದಂತೆ ಎಂಬ ಗಾದೆ ನೆನಪಾಗದೆ ಇರದು.

ತೊಂಬತ್ತೆಂಟರ ಕಡೆ ಸರಿಯಾಗುವುದು ಹೇಗಿರುತ್ತದೆ? ನಿಮಗೆಲ್ಲ ಗೊತ್ತಿರುವ ಕತೆಯೇ ಇದೆ. 1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಓದುತ್ತಿದ್ದ ಶಿಗ್ಗಾವಿ ಮೂಲದ ಸುಧಾ ಎಂಬ ಹುಡುಗಿ ಟೆಲ್ಕೊ ಕಂಪನಿಯ ಜಾಹೀರಾತಿನಲ್ಲಿ ಹೆಂಗಸರು ಅರ್ಜಿ ಹಾಕಬೇಕಾಗಿಲ್ಲ ಎಂಬ ಸಾಲು ನೋಡಿ, ಸಿಟ್ಟಿನಲ್ಲಿ ಜೆ. ಆರ್. ಡಿ. ಟಾಟಾ ಅವರಿಗೆ ಪೋಸ್ಟ್ ಕಾರ್ಡ್ ಬರೆದರು. ಪುಣೆಗೆ ಸಂದರ್ಶನದ ಕರೆ ಬಂತು, ಕೆಲಸ ಸಿಕ್ಕಿತು. ಅವರೇ ಸುಧಾ ಮೂರ್ತಿ. ಅದಕ್ಕೆ ಯಾವ ದಾನದ ನಿಧಿಯೂ ಬೇಕಾಗಲಿಲ್ಲ. ಕಂಪನಿ ತನ್ನ ಬಾಗಿಲಿನ ನಿಯಮ ಬದಲಿಸಿತು, ಅಷ್ಟೇ. ಮುಂದೆ ಪುಣೆಯ ಕಾರ್ಖಾನೆಗಳಿಗೆ ಎಷ್ಟೋ ಹೆಣ್ಣುಮಕ್ಕಳು ಇಂಜಿನಿಯರುಗಳಾಗಿ ಬಂದರು.

ಒಳಿತಿನ ಹೆಸರೇ ವ್ಯಾಪಾರವಾದಾಗ ಎಚ್ಚರ ಇನ್ನೂ ಹೆಚ್ಚು ಬೇಕು. ಬಡ ಹೆಂಗಸರಿಗೆ ಸಣ್ಣ ಸಾಲ ಕೊಡುವ ಕಿರುಸಾಲ ಕಂಪನಿಗಳು ‘ಲಾಭವೂ ಹೌದು, ಸೇವೆಯೂ ಹೌದು’ ಎಂದೇ ಬೆಳೆದವು. ವಸೂಲಿಯ ಕಿರುಕುಳ ಮಿತಿಮೀರಿದಾಗ 2010ರಲ್ಲಿ ಆಂಧ್ರಪ್ರದೇಶ, 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸುಗ್ರೀವಾಜ್ಞೆ ತರಬೇಕಾಯಿತು. ಸಾಲ ಕೊಟ್ಟದ್ದು ತಪ್ಪಲ್ಲ. ವಾರದ ಕಂತು ಕಟ್ಟಲಾಗದ ಮನೆಯ ಬಾಗಿಲಲ್ಲಿ ಏನು ನಡೆಯುತ್ತದೆ ಎಂಬುದನ್ನು ಮೇಲಿನವರು ನೋಡಲಿಲ್ಲ.

ಹಾಗಾಗಿ ಮೊದಲಿನ ಪ್ರಶ್ನೆಗೆ ಉತ್ತರ ಇಷ್ಟು: ಲಾಭ ಮತ್ತು ಒಳಿತು ಕೂಡಲಿ, ಆದರೆ ಗಳಿಸುವಾಗಲೇ ಕೂಡಲಿ. ಹಂಚುವುದು ಅದರ ಮೇಲಿನ ಮಾತು. ಫ್ರೀಡ್‌ಮನ್ ಹೇಳಿದಂತೆ ಬೇರೆಯವರ ದುಡ್ಡಿನಲ್ಲಿ ಜಾತ್ರೆ ಬೇಡ, ನಿಜ. ಹಾಗೆಯೇ ಬೇರೆಯವರ ಹೊಲ, ಹಳ್ಳ, ಬೆವರಿನಲ್ಲಿ ಲಾಭವೂ ಬೇಡ.

ನಾವೇನು ಮಾಡಬಹುದು?

‘ನಾವು ಟಾಟಾ ಬಿರ್ಲಾ ಅಲ್ಲವಲ್ಲ’ ಎನ್ನಬೇಡಿ. ನಮ್ಮ ಕೇಳುಗರಲ್ಲಿ ಐಟಿ ಕಂಪನಿಯವರಿದ್ದಾರೆ, ಕಾರ್ಖಾನೆಯ ಸೂಪರ್‌ವೈಸರುಗಳಿದ್ದಾರೆ, ಹೋಟೆಲ್ ಮಾಲೀಕರಿದ್ದಾರೆ. ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳಿವೆ. ಮ್ಯೂಚುವಲ್ ಫಂಡ್‌ನಲ್ಲಿ ತಿಂಗಳಿಗೆ ಸಾವಿರ ಹಾಕುವವರೂ ಲೆಕ್ಕದಲ್ಲಿ ಕಂಪನಿಯ ಪಾಲುದಾರರೇ.

ನಿಮ್ಮ ಕಂಪನಿಯವರು ವರ್ಷಕ್ಕೊಮ್ಮೆ ಹಳ್ಳಿಗೆ ಗಿಡ ನೆಡಲು ಕರೆದೊಯ್ದರೆ ಹೋಗಿ, ಒಳ್ಳೆಯದೇ. ಹೋದಾಗ ನಾಲ್ಕು ಪ್ರಶ್ನೆ ಕೇಳಿ.

ಒಂದು, ಇದನ್ನು ಊರವರು ಕೇಳಿದ್ದರೇ? ಗ್ರಾಮಸಭೆಯಲ್ಲಿ ಮಾತಾಗಿತ್ತೇ? ಬೇಕಾದದ್ದು ಬಾವಿಯಾಗಿದ್ದಾಗ ಕಂಪ್ಯೂಟರ್ ಕೊಟ್ಟರೆ ಅದು ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಎರಡು, ಫೋಟೋ ತೆಗೆದು ನಾವು ಹೋದ ಮೇಲೆ ಪಂಪ್ ಕೆಟ್ಟರೆ ರಿಪೇರಿ ಮಾಡುವವರು ಯಾರು? ಅದಕ್ಕೆ ಹಣ ಎಲ್ಲಿಂದ?

ಮೂರು, ಈ ಯೋಜನೆಯಿಂದ ಯಾರಿಗಾದರೂ ನಷ್ಟ ಇದೆಯೇ? ಮೇವಿನ ಜಾಗ ಹೋಗುತ್ತದೆಯೇ? ದಾರಿ ಮುಚ್ಚುತ್ತದೆಯೇ?

ನಾಲ್ಕು, ನಮ್ಮ ಕಂಪನಿಯ ಗೇಟಿನೊಳಗೆ ಎಲ್ಲ ಸರಿಯಿದೆಯೇ? ಕಾವಲುಗಾರ, ಕ್ಯಾಂಟೀನ್‌ನವನು, ಕಸ ಗುಡಿಸುವವಳು ಗುತ್ತಿಗೆದಾರನಿಂದ ಸರಿಯಾದ ಕೂಲಿ, ಪಿಎಫ್ ಪಡೆಯುತ್ತಿದ್ದಾರೆಯೇ?

ಉತ್ತರ ಹುಡುಕಲು ಕಾಗದಪತ್ರಗಳೂ ಇವೆ. ಸಿಎಸ್‌ಆರ್ ಕೊಡಬೇಕಾದ ಪ್ರತಿ ಕಂಪನಿಯೂ ತನ್ನ ವಾರ್ಷಿಕ ವರದಿಯಲ್ಲಿ ಅದರ ಲೆಕ್ಕ ಕೊಡಬೇಕು. ಷೇರುಪೇಟೆಯ ಮೊದಲ 1000 ಕಂಪನಿಗಳು 2022–23ರಿಂದ ಕೂಲಿ, ಸುರಕ್ಷತೆ, ನೀರು, ತ್ಯಾಜ್ಯ ಇವುಗಳ ಬಗ್ಗೆಯೂ ಸೆಬಿ ಸೂಚಿಸಿದ ವರದಿ ಕೊಡಬೇಕಾಗಿದೆ. ತೊಂಬತ್ತೆಂಟರ ಮೇಲೆ ಸ್ವಲ್ಪ ಬೆಳಕು ಬೀಳುವುದು ಅಲ್ಲಿಯೇ. ಓದಲು ಬೇಸರವಾದರೂ ನಿಮ್ಮ ಕಂಪನಿಯದನ್ನು ಒಮ್ಮೆ ತೆರೆದು ನೋಡಿ.

ಭೋರ್‌ನ ಬೆಟ್ಟದ ವಾಡಿಯ ಹೆಂಗಸು ಟ್ಯಾಂಕರಿಗೆ ಕಾಯುವುದು ತಪ್ಪಬೇಕಾದರೆ ಟಾಕಿ ಬೇಕು, ನಿಜ. ಅವಳ ಮಗ ಹೆದ್ದಾರಿ ಬದಿಯ ಕಾರ್ಖಾನೆಯಲ್ಲಿ ಖಾಯಂ ಕೆಲಸಗಾರನಾಗುವುದೂ, ಆ ಕಾರ್ಖಾನೆಯ ಪಕ್ಕದ ಬಾವಿಯ ನೀರು ಕುಡಿಯುವಂತೆಯೇ ಇರುವುದೂ ಅಷ್ಟೇ ಬೇಕು. ಟಾಕಿಯ ಮೇಲೆ ಕಂಪನಿಯ ಹೆಸರು ಬರೆಯಬಹುದು. ಉಳಿದ ಎರಡಕ್ಕೆ ಹೆಸರು ಬರೆಯಲು ಗೋಡೆಯೇ ಇಲ್ಲ, ಅದಕ್ಕೇ ನಾವು ಕೇಳುತ್ತಿರಬೇಕು.

ನಿಮ್ಮ ಊರಿನಲ್ಲಿ, ನಿಮ್ಮ ಕಂಪನಿಯಲ್ಲಿ ಕಂಡದ್ದೇನು? ಒಂದು ಕಾಗದ ಬರೆದು ತಿಳಿಸಿ. ಮುಂದಿನ ಕಾರ್ಯಕ್ರಮದಲ್ಲಿ ನಿಮ್ಮ ಮಾತನ್ನೂ ಓದೋಣ.